ರೈಟಕ್ಕನ ಬಾತುಗಳು ಅಂಗಿ ಬದಲಿಸಿದ್ದು

ಬಸ್ಸಿನ ಹಿಂಬಾಗಿಲಲ್ಲಿ ನಿಂತು ಅರ್ಧ ಆಯಸ್ಸು "ರೈಟ್, ರೈಟ್!" ಎಂದು ಕೂಗಿದವಳನ್ನು ಜನ ಇನ್ನೇನೆಂದು ಕರೆಯಬೇಕು? ರೈಟಕ್ಕ ಎಂದೇ ಕರೆದರು. ಅಂಚೆಯವನಿಗೂ ರೈಟಕ್ಕ, ಪಕ್ಕದ ಬೇಕರಿಯವನಿಗೂ ರೈಟಕ್ಕ. ಕೊನೆಕೊನೆಗೆ ಸ್ವಂತ ಅತ್ತೆಯೂ ಸೊಸೆಯನ್ನು ಊಟಕ್ಕೆ ಕರೆಯುವಾಗ "ಬಾರೇ ರೈಟಕ್ಕ" ಎನ್ನತೊಡಗಿದ್ದರು.

ಆ ಕೆಲಸ ಸಿಕ್ಕಿದ್ದೇ ಗಂಟಲಿನ ಪುಣ್ಯದಿಂದ. ಮದುವೆಯಾದ ಹೊಸತು. ಗಂಡ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನ ಕೈಯಲ್ಲಿ ಕಲೆಯಿತ್ತು, ಬಾಯಲ್ಲಿ ಮಾತಿರಲಿಲ್ಲ. ಗಿರಾಕಿ ಚೌಕಾಸಿಗಿಳಿದರೆ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುವುದೇ ಅವನ ಉತ್ತರ. ಬಸ್ ಡಿಪೋದಲ್ಲಿ ಹೆಂಗಸರನ್ನೂ ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ಬಂದಾಗ ಅವಳು ಹೋಗಿ ಸಾಲಿನಲ್ಲಿ ನಿಂತಳು. ಮೇಜಿನ ಹಿಂದೆ ಕುಳಿತಿದ್ದ ಮ್ಯಾನೇಜರು ಅವಳ ಸಣಕಲು ಮೈಯನ್ನು ನೋಡಿ, "ತುಂಬಿದ ಬಸ್ಸಲ್ಲಿ ನಿನ್ ಧ್ವನಿ ಡ್ರೈವರ್‌ಗೆ ಕೇಳುತ್ತೇನಮ್ಮಾ? ಎಲ್ಲಿ, ಒಂದ್ ಸಲ ಕೂಗು ನೋಡೋಣ" ಎಂದರು.

ಅವಳು ಕೂಗಿದಳು. ಹೊರಗಿನ ಅಂಗಳದಲ್ಲಿ ಇಂಜಿನ್ ಶುರುಮಾಡಿಕೊಂಡು ನಿಂತಿದ್ದ ಬಸ್ಸೊಂದು ನಿಜವಾಗಿಯೂ ಹೊರಟುಹೋಯಿತು. ಅದರ ಕಂಡಕ್ಟರ್ ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಓಡಬೇಕಾಯಿತು. ಆ ಬಸ್ಸಿನ ಡ್ರೈವರ್ ಮುಂದೆ ಇವಳ ಜೋಡಿಗೇ ಬಿದ್ದ. ಇಬ್ಬರೂ ಒಂದೇ ಬಸ್ಸಿನಲ್ಲಿ ಹಣ್ಣಾದರು. ಅವಳಿಗೆ ಅವನು ಡ್ರೈವರಣ್ಣ.

ಅವಳ ಖಾಕಿ ಯೂನಿಫಾರ್ಮುಗಳನ್ನೆಲ್ಲ ಹೊಲಿದದ್ದು ಗಂಡನೇ. ಚಿಲ್ಲರೆಗೆ ಬೇರೆ ಜೇಬು, ಊದುವ ಸೀಟಿಗೆ ಬೇರೆ ಜೇಬು, ಗಂಟಲು ಕೆಟ್ಟಾಗ ಬೇಕಾಗುವ ಶುಂಠಿ ತುಂಡಿಗೆ ಒಳಗಡೆ ಒಂದು ಗುಟ್ಟಿನ ಜೇಬು. ಇಷ್ಟು ವರ್ಷ ಹೊಲಿಗೆ ಯಂತ್ರದ ಪಕ್ಕ ಕುಳಿತು ಅವನ ಕಿವಿ ಮಂದವಾಗಿತ್ತು. ಯಂತ್ರದಿಂದಲ್ಲ, ಹೆಂಡತಿಯಿಂದ ಎಂದು ಬೇಕರಿಯವನು ಹೇಳುತ್ತಿದ್ದ. ಆ ಮಾತು ಟೈಲರಿಗೆ ಕೇಳಿಸುತ್ತಿರಲಿಲ್ಲ, ಅಥವಾ ಕೇಳಿಸಲಿಲ್ಲವೆಂದು ಅವನು ತೋರಿಸಿಕೊಳ್ಳುತ್ತಿದ್ದ.

ನಿವೃತ್ತಿಯ ದಿನ ಡಿಪೋದಲ್ಲಿ ಎಲ್ಲರೂ ಸೇರಿ ಅವಳಿಗೊಂದು ಗೋಡೆ ಗಡಿಯಾರ ಕೊಟ್ಟರು. ಡ್ರೈವರಣ್ಣ ಮಾತ್ರ ಒಂದು ಮುಚ್ಚಿದ ಬುಟ್ಟಿ ತಂದಿಟ್ಟ. ಬುಟ್ಟಿ ತನ್ನಷ್ಟಕ್ಕೆ ಅಲುಗಾಡುತ್ತಿತ್ತು. ಬಸ್ಸು ತೊಳೆದ ನೀರು ನಿಲ್ಲುವ ಹೊಂಡದಲ್ಲಿ ಅವನು ಬಹಳ ಕಾಲದಿಂದ ಬಾತುಗಳನ್ನು ಸಾಕಿಕೊಂಡಿದ್ದ. ಬುಟ್ಟಿಯೊಳಗಿದ್ದದ್ದು ಅವುಗಳಲ್ಲೊಂದು ಎಳೆಯ ಜೋಡಿ.

"ಇದೇನಣ್ಣಾ?" ಎಂದಳು ರೈಟಕ್ಕ.

"ಗಡಿಯಾರ ನೋಡ್ತಾ ಕೂತ್ರೆ ಹುಚ್ಚು ಹಿಡಿಯುತ್ತೆ. ಇವು ಇದ್ರೆ ಕೂರೋಕೇ ಬಿಡಲ್ಲ."

ಅವನ ಮಾತು ಸುಳ್ಳಾಗಲಿಲ್ಲ. ಕೆಲಸ ಬಿಟ್ಟ ಮೊದಲ ವಾರವೇ ಅವಳು ಮೈಮೇಲೆ ಇರುವೆ ಬಿಟ್ಟುಕೊಂಡವಳ ಹಾಗೆ ಮನೆ ತುಂಬ ಓಡಾಡಿದ್ದಳು. ಅಂಗಡಿಯ ಬಾಗಿಲಲ್ಲಿ ಅಳತೆ ಕೊಡಲು ನಿಂತ ಗಿರಾಕಿಗಳಿಗೆ, "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ನಡೀರಿ, ಮಧ್ಯದಲ್ಲಿ ಜಾಗ ಇದೆ!" ಎಂದು ಕೂಗಿದ್ದಕ್ಕೆ ಪ್ಯಾಂಟು ಹೊಲಿಸಲು ಬಂದವನೊಬ್ಬ ಹೆದರಿ ಮನೆಗೆ ಹೋಗಿದ್ದ. ಬಾತುಗಳ ಚಾಕರಿಗೆ ಇಳಿದ ಮೇಲೆ ಅವಳ ಆಡಳಿತವೆಲ್ಲ ಹಿತ್ತಲಿಗೆ ವರ್ಗವಾಯಿತು. ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ ಬಾತುಗಳ ಕೊಳವಾಯಿತು, ಟೈಲರು ಹಳೆಯ ಕಪಾಟಿನ ಬಾಗಿಲು ಕಿತ್ತು ಗೂಡು ಕಟ್ಟಿಕೊಟ್ಟ.

ಗಂಡು ಬಾತು ನೋಡಲು ರಾಜಠೀವಿ. ಎಣ್ಣೆ ಹಚ್ಚಿದಂತೆ ಮಿರುಗುವ ಹಸಿರು ತಲೆ, ಕತ್ತಿಗೆ ಇಸ್ತ್ರಿ ಮಾಡಿದ ಕಾಲರಿನಂತೆ ಬಿಳಿಯ ಪಟ್ಟಿ, ಬಾಲದ ಮೇಲೆ ಮೀಸೆ ತಿರುವಿದ ಹಾಗೆ ಸುರುಳಿ ಗರಿ. ಅದು ಎದೆ ಮುಂದು ಮಾಡಿಕೊಂಡು ಹಿತ್ತಲಿನ ಮೂಲೆ ಮೂಲೆ ತಪಾಸಣೆ ನಡೆಸುವುದನ್ನು ಕಂಡು ರೈಟಕ್ಕ ಅದಕ್ಕೆ 'ಚೆಕಿಂಗ್ ಸಾಹೇಬ' ಎಂದು ಹೆಸರಿಟ್ಟಳು. ಹೆಣ್ಣು ಬಾತು ಒಣಗಿದೆಲೆಯ ಬಣ್ಣದ್ದು, ಅಲ್ಲಲ್ಲಿ ಕಪ್ಪು ಚುಕ್ಕಿ. ಆದರೆ ಬಾಯಿ ತೆರೆದರೆ ಬಸ್ಸಿನ ಹಾರನ್ನಿನ ಹಾಗೆ ಮೂರು ಬೀದಿಗೆ ಕೇಳಬೇಕು. ಅದು 'ಹಾರನಮ್ಮ' ಆಯಿತು.

"ನಿಂಗೆ ಸರಿಜೋಡಿ ಸಿಕ್ತು ಬಿಡು" ಎಂದ ಟೈಲರು. ಆ ದಿನ ಅವನು ಆಡಿದ ಮಾತು ಅದೊಂದೇ.

ಚಳಿಗಾಲ ಹೀಗೆ ಕಳೆಯಿತು. ಹಾರನಮ್ಮ ಮೊಟ್ಟೆ ಇಟ್ಟಳು, ಬೇಕರಿಯವನು ಅವನ್ನು ಕೊಂಡು ಕೇಕಿಗೆ ಹಾಕಿದ. ಬಿಸಿಲು ಏರತೊಡಗಿದಾಗ ಒಂದು ಬೆಳಿಗ್ಗೆ ರೈಟಕ್ಕ ತೊಟ್ಟಿಯ ನೀರು ಬದಲಿಸಲು ಹೋದವಳು ಅಲ್ಲೇ ನಿಂತಳು. ಸಾಹೇಬನ ಬಾಲದ ಸುರುಳಿ ನೀರಿನ ಮೇಲೆ ತೇಲುತ್ತಿತ್ತು. ಮರುದಿನ ತಲೆಯ ಹಸಿರಿನ ನಡುವೆ ಕಂದು ತೇಪೆಗಳು ಕಂಡವು. ವಾರ ತಿರುಗುವುದರೊಳಗೆ ಕಾಲರು ಹೋಯಿತು, ಎದೆಯ ಬಣ್ಣ ಹೋಯಿತು, ಹಿತ್ತಲು ದಿಂಬು ಹರಿದು ಚೆಲ್ಲಿದಂತಾಯಿತು. ಠೀವಿಯ ಸಾಹೇಬ ಈಗ ಬೇಲಿಯ ಬುಡದಲ್ಲಿ ಮುದುಡಿ ಕೂರುತ್ತಿದ್ದ. ಎತ್ತಿಕೊಳ್ಳಲು ಹೋದರೆ ನೋವಾದವನಂತೆ ಕಿರುಚಿ ಜಾರಿಕೊಳ್ಳುತ್ತಿದ್ದ.

ರೈಟಕ್ಕ ಮೊದಲು ಗಂಡನ ಮೇಲೆ ಹರಿಹಾಯ್ದಳು. "ನಿಮ್ಮ ಮಿಷನ್ ಎಣ್ಣೆ ಡಬ್ಬ ತೊಟ್ಟಿಯಲ್ಲಿ ತೊಳೆದ್ರಾ? ನಿಜ ಹೇಳಿ!"

ಟೈಲರು ಗರಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ನುಸಿ ಹಿಡಿದಿರ್ಬೇಕು. ಉಣ್ಣೆ ಬಟ್ಟೆಗೆ ಹಿಡಿಯುತ್ತಲ್ಲ, ಹಂಗೆ" ಎಂದ.

ಈ ಮನುಷ್ಯನಿಂದ ಪ್ರಯೋಜನವಿಲ್ಲ ಎಂದು ಅವಳು ನೆಟ್ಟಗೆ ಡಿಪೋಗೆ ನಡೆದಳು. ಡ್ರೈವರಣ್ಣ ಹೊಂಡದ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ರೈಟಕ್ಕ, ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ! ಯೂನಿಫಾರ್ಮ್ ಬಿಚ್ಚಿಟ್ಟಿದಾನೆ ಅಷ್ಟೆ. ವರ್ಷಾ ವರ್ಷಾ ಇದೇ ಕತೆ. ಹೆಣ್ಣನ್ನ ಮೆಚ್ಚಿಸೋ ಕಾಲ ಮುಗೀತು, ಇನ್ಯಾಕೆ ಈ ವೇಷ ಅಂತ ಹಸಿರು ಕೋಟು ಉದುರಿಸ್ತಾನೆ. ಚಳಿ ಬೀಳೋ ಹೊತ್ತಿಗೆ ಹೊಸದು ಹಾಕ್ಕೊಂಡ್ ಬರ್ತಾನೆ. ಅಗೋ, ನಮ್ಮವರನ್ನ ನೋಡು."

ಹೊಂಡದಲ್ಲಿದ್ದ ಬಾತುಗಳೆಲ್ಲ ಒಂದೇ ಥರದ ಕಂದು. ಒಂದಕ್ಕೂ ಹಸಿರು ತಲೆಯಿಲ್ಲ.

"ಹಾಗಾದ್ರೆ ಗಂಡು ಯಾವುದು, ಹೆಣ್ಣು ಯಾವುದು ಅಂತ ಗೊತ್ತಾಗೋದು ಹೆಂಗೆ?"

"ನೋಡಿದ್ರೆ ಸುಲಭಕ್ಕೆ ಗೊತ್ತಾಗಲ್ಲ, ಬಾಯಿ ಬಿಟ್ರೆ ಗೊತ್ತಾಗುತ್ತೆ. ಹೆಣ್ಣು ಗಂಟಲು ಹರಿಯೋ ಹಾಗೆ ಕೂಗುತ್ತೆ. ಗಂಡು ನೆಗಡಿ ಆದವನ ಥರ ಗೊರಗೊರ ಅನ್ನುತ್ತೆ. ನಿಮ್ಮನೇಲೂ ಹಂಗೇ ಅಲ್ವಾ?"

"ಸಾಕು ಬಿಡಣ್ಣ ನಿನ್ ತಮಾಷೆ. ಎತ್ತಿಕೊಂಡ್ರೆ ಅಳ್ತಾನಲ್ಲ, ಅದ್ಯಾಕೆ?"

"ಎಳೇ ಗರಿ ಒಳಗೆ ರಕ್ತ ಹರೀತಿರುತ್ತೆ, ಮುಟ್ಟಿದ್ರೆ ನೋವು. ಕಾಡು ಬಾತುಗಳಿಗಂತೂ ರೆಕ್ಕೆ ಗರಿಯೆಲ್ಲ ಒಟ್ಟಿಗೇ ಬಿದ್ದು ಸ್ವಲ್ಪ ದಿನ ಹಾರೋಕೇ ಆಗಲ್ಲ. ಅದಕ್ಕೇ ಬಣ್ಣ ಕಳಚಿಟ್ಟು ಅಡಗಿ ಕೂರೋದು. ನೀನೇನೂ ಮಾಡ್ಬೇಡ. ನೆನೆಸಿದ ಬಟಾಣಿ ಹಾಕು, ಸಣ್ಣ ಮೀನು ಸಿಕ್ರೆ ಹಾಕು, ಅವನ ಪಾಡಿಗೆ ಅವನನ್ನ ಬಿಡು."

ಯಾರನ್ನೂ ಅವರ ಪಾಡಿಗೆ ಬಿಟ್ಟು ಗೊತ್ತಿಲ್ಲದ ರೈಟಕ್ಕನಿಗೆ ಅದೇ ಕಷ್ಟದ ಕೆಲಸ. ಆದರೂ ಬಿಟ್ಟಳು. ದೂರದಲ್ಲಿ ಮಣೆ ಹಾಕಿಕೊಂಡು ಕುಳಿತು ನೋಡಿದಳು. ಮಳೆ ಶುರುವಾದ ಮೇಲೆ ಸಾಹೇಬನ ರೆಕ್ಕೆಯ ಅಂಚಿನಲ್ಲಿ ಮೇಣದ ಸೂಜಿಗಳಂಥ ಕೊಳವೆಗಳು ಎದ್ದವು. ಅವನು ಕೊಕ್ಕಿನಿಂದ ಅವನ್ನು ಒಂದೊಂದಾಗಿ ಸವರಿದಂತೆಲ್ಲ ಸಿಪ್ಪೆ ಒಡೆದು, ಮಡಿಸಿಟ್ಟ ಕೊಡೆ ಬಿಚ್ಚಿಕೊಳ್ಳುವಂತೆ ಗರಿ ಬಿಚ್ಚಿಕೊಳ್ಳುತ್ತಿತ್ತು. ಟೈಲರು ಕೂಡ ಯಂತ್ರ ನಿಲ್ಲಿಸಿ ಬಂದು ಪಕ್ಕದಲ್ಲಿ ಕುಳಿತ. "ನೋಡೇ, ಎಲ್ಲಾದ್ರೂ ಒಂದು ಹೊಲಿಗೆ ಕಾಣುತ್ತಾ?" ಎಂದು ತಾನೇ ಸೋತವನಂತೆ ತಲೆ ಆಡಿಸಿದ. ಮಳೆ ಹಿಂದೆಗೆದು ಗಾಳಿ ತಣ್ಣಗಾಗುವಾಗ ತಲೆಯಲ್ಲಿ ಹಸಿರು ಚೂರುಚೂರಾಗಿ ಮರಳಿತು, ಕಾಲರು ಬಂತು, ಎಲ್ಲಕ್ಕಿಂತ ಕೊನೆಗೆ ಬಾಲದ ಮೇಲೆ ಮೀಸೆ ತಿರುವಿಕೊಂಡಿತು. ಸಾಹೇಬ ಮತ್ತೆ ತಪಾಸಣೆಗೆ ಹೊರಟ.

ಹಾರನಮ್ಮನೂ ಗರಿ ಬದಲಿಸುತ್ತಿದ್ದಳು. ಮೊಟ್ಟೆಯ ಕೆಲಸವೆಲ್ಲ ಮುಗಿದ ಮೇಲೆ, ಸಾಹೇಬನಿಗಿಂತ ತಡವಾಗಿ. ಆದರೆ ಕಂದು ಹೋಗಿ ಕಂದೇ ಬರುತ್ತಿದ್ದರಿಂದ ಅದನ್ನು ಕೇಳುವವರಿರಲಿಲ್ಲ. "ಗಂಡು ಒಂದು ಕಾಲರ್ ಹಾಕ್ಕೊಂಡ್ರೆ ಬೀದಿಯೆಲ್ಲ ಬಂದು ನೋಡುತ್ತೆ. ಇವಳು ತಲೆಯಿಂದ ಬಾಲದವರೆಗೂ ಹೊಸದು ಹಾಕ್ಕೊಂಡ್ರೂ ಒಂದು ನರಪಿಳ್ಳೆ ವಿಚಾರಿಸಲ್ಲ" ಎಂದು ರೈಟಕ್ಕ ಗೊಣಗುತ್ತಿದ್ದಳು. ತಾನಾದರೂ ನೋಡಿದ್ದೇನೆಂದು ತೋರಿಸಲು ಆ ವಾರ ಹಾರನಮ್ಮನಿಗೆ ಒಂದು ಹಿಡಿ ಬಟಾಣಿ ಹೆಚ್ಚು.

ಹೀಗೆ ವರ್ಷಗಳು ಉರುಳಿದವು. ಗೋಡೆ ಗಡಿಯಾರ ಕೆಟ್ಟು ನಿಂತಿತು, ಬಾತುಗಳು ನಿಲ್ಲಲಿಲ್ಲ. ಸಾಹೇಬನ ಸುರುಳಿ ಬಿದ್ದರೆ ಹತ್ತಿ ಬಟ್ಟೆ ಹೊಲಿಸುವ ಗಿರಾಕಿಗಳು ಬರುತ್ತಾರೆ, ಕಾಲರು ಬಂದರೆ ಉಣ್ಣೆ ಕೋಟಿನವರು ಬರುತ್ತಾರೆ ಎಂದು ಟೈಲರಿಗೂ ಲೆಕ್ಕ ಸಿಕ್ಕಿತ್ತು. ಹಾರನಮ್ಮನಿಗೆ ವಯಸ್ಸಾಗಿ ಮೊಟ್ಟೆ ಇಳಿಮುಖವಾಯಿತು, ಆಮೇಲೆ ನಿಂತೇಹೋಯಿತು. ಬೇಕರಿಯವನು ಬೇರೆ ದಾರಿಯಿಲ್ಲದೆ ತಾನೇ ಮೂರು ಎಳೆಯ ಹೆಣ್ಣು ಬಾತುಗಳನ್ನು ತಂದುಕೊಂಡ.

ಆ ವರ್ಷದ ಬೇಸಿಗೆಯಲ್ಲಿ ದೂರದ ಊರಿನಲ್ಲಿದ್ದ ಮಗಳಿಗೆ ಅವಳಿ ಹೆಣ್ಣುಮಕ್ಕಳಾದವು. ರೈಟಕ್ಕ ಗಂಟುಮೂಟೆ ಕಟ್ಟಿ ಹೊರಟಳು. ಬಾಗಿಲು ದಾಟುವ ಮುಂಚೆ ಗಂಡನನ್ನು ಎದುರಿಗೆ ಕೂರಿಸಿಕೊಂಡು, ನೀರು ಎಷ್ಟು, ಬಟಾಣಿ ಎಷ್ಟು, ಗೂಡಿನ ಚಿಲಕ ಯಾವಾಗ ಎಂದು ಪಾಠ ಹೇಳಿದಳು. ಅವನು ಎಲ್ಲಕ್ಕೂ ತಲೆ ಆಡಿಸಿದ. ಅದರಲ್ಲಿ ಎಷ್ಟು ಕಿವಿಗೆ ಬಿತ್ತೋ ಅವನಿಗೇ ಗೊತ್ತು.

ಮಗಳ ಮನೆಯಲ್ಲಿ ಒಂದು ಕೂಸು ಮಲಗಿದರೆ ಇನ್ನೊಂದು ಏಳುತ್ತಿತ್ತು. ಅಜ್ಜಿಯ ಜೋಗುಳಕ್ಕೆ ಎರಡೂ ಎದ್ದು ಕೂರುತ್ತಿದ್ದವು. "ಅಮ್ಮಾ, ನೀನು ಹಾಡ್ಬೇಡ, ಸುಮ್ನೆ ತೂಗು" ಎಂದು ಮಗಳು ಕೈಮುಗಿದಳು. ಗಂಡನಿಗೆ ಫೋನು ಮಾಡಿದರೆ ಅದು ಇನ್ನೊಂದು ಪಾಡು. ಇವಳ ಪ್ರಶ್ನೆ ಅವನಿಗೆ ಕೇಳದು. ಅವನು ಹೇಳಬೇಕಾದ್ದನ್ನು ಹೇಳಿ ಫೋನನ್ನು ದೂರ ಹಿಡಿದುಕೊಂಡು ಕೂರುತ್ತಿದ್ದ. "ಚೆನ್ನಾಗಿದೀನಿ. ಬಾತೂ ಚೆನ್ನಾಗಿದೆ. ಇಡ್ತೀನಿ." ಒಂದೇ ಬಾತಿನ ಮಾತೇಕೆ ಎಂದು ಅವಳಿಗೆ ಒಮ್ಮೆ ಮನಸ್ಸಿಗೆ ಬಂತು. ಅಷ್ಟರಲ್ಲಿ ತೊಟ್ಟಿಲಲ್ಲಿ ಗಲಾಟೆಯೆದ್ದು ಮರೆತುಹೋಯಿತು.

ಮಳೆ ಕಳೆದ ಮೇಲೆ ಒಂದು ದಿನ ಅವನೇ ಫೋನು ಮಾಡಿದ. ಅವನಾಗಿಯೇ ಫೋನು ಮುಟ್ಟಿದ್ದೆಂದರೆ ಏನೋ ಆಗಿರಬೇಕೆಂದು ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನೋಡೇ... ಹಾರನಮ್ಮ ಹೋದ್ಲು. ವಯಸ್ಸಾಗಿತ್ತು. ಕಷ್ಟಪಡಲಿಲ್ಲ, ಬೇಲಿ ಹತ್ರ ಮಲಗಿದ್ದೋಳು ಮಲಗಿದ ಹಾಗೇ. ಸಾಹೇಬ ಇದಾನೆ. ಹಸಿರು ತಲೆ ಈ ಸಲ ಭಾರಿ ಚೆನ್ನಾಗಿ ಬಂದಿದೆ."

ರೈಟಕ್ಕ ಮೊಮ್ಮಕ್ಕಳ ಬಟ್ಟೆ ಮಡಿಸುತ್ತ ಕಣ್ಣು ಒರೆಸಿಕೊಂಡಳು. ಮಗಳು ಕೇಳಿದಾಗ, "ಏನಿಲ್ಲ, ನಮ್ಮ ಬಾತು ಹೋಯ್ತಂತೆ. ಆ ಗಂಟಲು ಇನ್ನು ಎಲ್ಲಿ ಕೇಳುತ್ತೆ" ಎಂದಳು. ಆ ದಿನವಿಡೀ ಅವಳು ಮೆಲ್ಲಗೆ ಮಾತಾಡಿದಳು. ಕೂಸುಗಳು ಚೆನ್ನಾಗಿ ನಿದ್ದೆ ಮಾಡಿದವು.

ಚಳಿ ಕಾಲಿಡುವಾಗ ಅವಳು ಊರಿಗೆ ಮರಳಿದಳು. ಬಸ್ಸಿನಿಂದಿಳಿದು ಚೀಲ ಹೆಗಲಿಗೇರಿಸಿಕೊಂಡು ತಮ್ಮ ಬೀದಿಗೆ ತಿರುಗಿದಳೋ ಇಲ್ಲವೋ, ಬೇಕರಿಯ ಹಿತ್ತಲಿನಿಂದ ಕೂಗೊಂದು ಎದ್ದಿತು. ಮೊದಲು ಒಂದು ಉದ್ದ, ಆಮೇಲೆ ಇಳಿಯುತ್ತ ಇಳಿಯುತ್ತ ನಾಲ್ಕೈದು ಗಿಡ್ಡ. ಹೊರಡುವ ಬಸ್ಸನ್ನು ನಿಲ್ಲಿಸುವಂಥ ಕೂಗು.

ರೈಟಕ್ಕ ಚೀಲವನ್ನು ಬೀದಿಯಲ್ಲೇ ಇಳಿಸಿಬಿಟ್ಟಳು. ಜಗತ್ತಿನಲ್ಲಿ ಎರಡು ಗಂಟಲುಗಳನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು. ಒಂದು ತನ್ನದು, ಇನ್ನೊಂದು ಇದು. ಬೇಕರಿಯೊಳಗಿಂದಲೇ ನುಗ್ಗಿ, ಒಲೆಯ ಪಕ್ಕದಿಂದ ಹಾದು, ಹಿಂಬಾಗಿಲು ತೆಗೆದು ನೋಡಿದಳು. ಮೂರು ಕಂದು ಬಾತುಗಳು ಮೂರು ಬುಟ್ಟಿಗಳಲ್ಲಿ ಮೊಟ್ಟೆಯ ಮೇಲೆ ಕುಳಿತಿದ್ದವು. ಅವುಗಳ ನಡುವೆ ಹಸಿರು ತಲೆ, ಬಿಳಿ ಕಾಲರು, ಸುರುಳಿ ಬಾಲದ ಒಂದು ಹಕ್ಕಿ ಅಡ್ಡಾಡುತ್ತ ಬೊಬ್ಬೆ ಹಾಕುತ್ತಿತ್ತು.

"ಹಾರನಮ್ಮಾ!" ಎಂದಳು.

ಹಸಿರು ತಲೆ ಗಕ್ಕನೆ ಅವಳತ್ತ ತಿರುಗಿತು. ಕತ್ತು ಚಾಚಿ, ರೆಕ್ಕೆ ಬಡಿಯುತ್ತ ಓಡಿ ಬಂದು, ಅವಳ ಕಾಲಬೆರಳು ಹಿಡಿದು ಎಳೆಯಿತು. ಹೊಸ ಗರಿ ಬಂದ ವಾರದ ಹೆಚ್ಚಿನ ಬಟಾಣಿ ಕೇಳುವ ಅದೇ ಹಳೆಯ ಚಾಳಿ.

ಹಿಟ್ಟಿನ ಕೈಯಲ್ಲೇ ಓಡಿ ಬಂದ ಬೇಕರಿಯವನು, "ರೈಟಕ್ಕ, ಒಳ್ಳೇ ಹೊತ್ತಿಗೆ ಬಂದ್ರಿ! ನಿಮ್ಮ ಸಾಹೇಬನನ್ನ ಮದುವಣಿಗ ಅಂತ ಕೇಳಿ ತಂದಿದ್ದೆ, ನಿಮ್ಮೆಜಮಾನ್ರೇ ಕೊಟ್ರು. ಏನ್ ಹೇಳಲಿ! ಹೆಣ್ಣುಗಳ ಜೊತೆ ಕೂತು ಇಡೀ ದಿನ ಹರಟೆ. ಮೊಟ್ಟೆ ಇಟ್ಟು ಕಾವು ಕೂತಿದ್ದೇ ಬಂತು, ದಿನ ತುಂಬಿ ದಾಟಿದ್ರೂ ಒಂದು ಮರಿ ಇಲ್ಲ" ಎಂದ.

"ಎಲ್ಲಿಂದ ಬರ್ತವೆ ಮರಿ?" ಎಂದಳು ರೈಟಕ್ಕ. ನಗುತ್ತಲೂ ಅಳುತ್ತಲೂ ಹಕ್ಕಿಯನ್ನು ಎತ್ತಿಕೊಂಡಳು. "ಮದುವಣಿಗ ಅಲ್ಲ ಕಣಯ್ಯ, ಮದುಮಗಳ ಅಜ್ಜಿ ಇದು!"

ಬೇಕರಿಯವನು ಇಂಗು ತಿಂದ ಮಂಗನಂತೆ ನಿಂತ. ಗಲಾಟೆ ಕೇಳಿ ಬೀದಿಯವರು ಸೇರಿದರು. ಎಲ್ಲರಿಗಿಂತ ಕೊನೆಗೆ, ಕತ್ತಿನಲ್ಲಿ ಅಳತೆ ಪಟ್ಟಿ ಜೋತುಬಿಟ್ಟುಕೊಂಡು ಟೈಲರು ಬಂದ. ಹೆಂಡತಿಯ ತೋಳಿನಲ್ಲಿದ್ದ ಹಕ್ಕಿಯನ್ನು ನೋಡಿ, "ಸಾಹೇಬ ಗುರುತು ಹಿಡಿದ್ನಾ?" ಎಂದು ಕೇಳಿದ. ಬೀದಿಗೆ ಬೀದಿಯೇ ನಕ್ಕಿತು.

ಯಾರೋ ಹೋಗಿ ಡ್ರೈವರಣ್ಣನನ್ನು ಕರೆತಂದರು. ಅವನು ಹಕ್ಕಿಯನ್ನು ತಿರುಗಿಸಿ ನೋಡಿದ, ಕೊಕ್ಕು ನೋಡಿದ. ಗಂಡಿನ ಹಳದಿ ಕೊಕ್ಕಲ್ಲ, ಹೆಣ್ಣಿನ ಕಂದು ಮಿಶ್ರಿತ ಕಿತ್ತಳೆ. ಅದು ಕೂಗಿದ್ದನ್ನು ಕೇಳಿ ಅವನೂ ನಕ್ಕ.

"ಹಾರನಮ್ಮನೇ. ಅಪರೂಪಕ್ಕೆ ಹಿಂಗಾಗುತ್ತೆ, ನಾನೂ ಒಂದೇ ಸಲ ನೋಡಿರೋದು. ಮೊಟ್ಟೆ ಕೆಲಸ ಪೂರ್ತಿ ನಿಂತುಹೋದ ಮುದಿ ಹೆಣ್ಣಿಗೆ ಗರಿ ಉದುರಿ ಮತ್ತೆ ಬರುವಾಗ ಗಂಡಿನ ಬಣ್ಣ ಬಂದುಬಿಡುತ್ತೆ. ಗರಿ ಮಾತ್ರ ಗಂಡಿನದು. ಗಂಟಲು ಹೆಣ್ಣಿನದೇ."

ಜನ ಚದುರಿದ ಮೇಲೆ ರೈಟಕ್ಕ ಅಡುಗೆಮನೆಯಲ್ಲಿ ಗಂಡನ ಎದುರು ಕುಳಿತಳು. ಟೀ ಆರುತ್ತಿತ್ತು. ಅವಳು ಬಾಯಿ ತೆರೆಯುವ ಮುಂಚೆ ಅವನೇ ಶುರುಮಾಡಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ಅವಳು ಮದುವೆಯಾದಂದಿನಿಂದ ಕೇಳಿರಲಿಲ್ಲ.

"ಮಳೆ ಬರೋಕೂ ಮುಂಚೇನೇ ಒಂದು ಹೋಯ್ತು. ಆಗ ಎರಡೂ ಕಂದು. ಕೂಗು ನಂಗೆ ಕೇಳಲ್ಲ, ನಿಂಗೇ ಗೊತ್ತಲ್ಲ. ಸತ್ತಿದ್ದು ಯಾರು ಅಂತಾನೇ ತಿಳೀಲಿಲ್ಲ ಕಣೇ. ಫೋನಲ್ಲಿ ಒಂದು ಹೋಯ್ತು ಅಂದ್ರೆ, ಯಾವುದು ಅಂತ ನೀನು ಕೇಳ್ತಿದ್ದೆ. ಏನಂತ ಹೇಳಲಿ? ಬಣ್ಣ ಬರಲಿ, ಆಮೇಲೆ ಹೇಳೋಣ ಅಂತ ಕಾದೆ. ಹಸಿರು ಬಂತು. ಸರಿ, ಉಳಿದೋನು ಸಾಹೇಬ ಅಂದ್ಕೊಂಡೆ. ನಿಂಬೆ ಗಿಡದ ಕೆಳಗೆ ಮಣ್ಣು ಮಾಡಿದೀನಿ. ಒಂದು ಒಳ್ಳೇ ಉಣ್ಣೆ ಬಟ್ಟೆಯಲ್ಲಿ ಸುತ್ತಿದೆ."

ಅವಳು ಎದ್ದು ಹಿತ್ತಲಿಗೆ ಹೋದಳು. ನಿಂಬೆ ಗಿಡದ ಬುಡದ ಮಣ್ಣು ನೀಟಾಗಿ ಚೌಕವಾಗಿತ್ತು, ಅಂಚು ಹೊಲಿದಂತೆ. ಒಬ್ಬಳಿಗಾಗಿ ಅತ್ತದ್ದಾಗಿತ್ತು, ಈಗ ಇನ್ನೊಬ್ಬನಿಗಾಗಿ ಸ್ವಲ್ಪ ಹೊತ್ತು ಅತ್ತಳು. ಗಂಡ ಬಾಗಿಲಲ್ಲಿ ನಿಂತಿದ್ದ. ಮೂಗು ಒರೆಸಿಕೊಂಡು ತಿರುಗಿ, ಅವನಿಗೆ ಕೇಳುವಷ್ಟು ಜೋರಾಗಿ, ಅಂದರೆ ಬೀದಿಗೆಲ್ಲ ಕೇಳುವಂತೆ, "ನಾಳೇನೇ ಕಿವಿ ಡಾಕ್ಟರ ಹತ್ರ ಹೋಗೋದು. ರೈಟ್?" ಎಂದಳು.

"ರೈಟ್" ಎಂದ ಟೈಲರು.

ಕಿವಿಗೆ ಯಂತ್ರ ಬಂತು. ಅದನ್ನು ಹಾಕಿಕೊಂಡು ಮನೆಗೆ ಬಂದ ದಿನ ಹಾರನಮ್ಮ ಬಾಗಿಲಲ್ಲೇ ಸ್ವಾಗತ ಕೋರಿದಳು. ಟೈಲರು ಹೌಹಾರಿ ಒಂದು ಹೆಜ್ಜೆ ಹಿಂದಕ್ಕೆ ಹಾರಿದ. "ಇಷ್ಟು ವರ್ಷ ಇದೇ ಸದ್ದಿತ್ತಾ ಮನೇಲಿ?" ಎಂದ. "ಎರಡಿತ್ತು" ಎಂದ ಬೇಕರಿಯವನು. ಈ ಸಲ ಆ ಮಾತು ಟೈಲರಿಗೆ ಕೇಳಿಸಿತು. ಬೇಕರಿಯವನ ಹೊಸ ಅಂಗಿಯ ಹೊಲಿಗೆ ಬಹಳ ದಿನ ತಡವಾಯಿತು.

ಬೇಕರಿಯವನಿಗೆ ಡ್ರೈವರಣ್ಣ ನಿಜವಾದ ಗಂಡು ಬಾತೊಂದನ್ನು ಕೊಟ್ಟ. ಮೂರೂ ಹೆಣ್ಣುಗಳು ಮತ್ತೆ ಕಾವು ಕುಳಿತು, ಹಿತ್ತಲು ಹಳದಿ ಮರಿಗಳಿಂದ ತುಂಬಿತು. ಹಸಿರು ತಲೆಯ ಅಜ್ಜಿ ದಿನಾ ಬೆಳಿಗ್ಗೆ ಬೇಲಿಯ ತೂತಿನಲ್ಲಿ ನುಸುಳಿ ಹೋಗಿ ಮರಿಗಳ ಮೇಲೆ ಅಧಿಕಾರ ಚಲಾಯಿಸಿ ಸಂಜೆಗೆ ಮರಳುತ್ತಿತ್ತು. ಹೊಸ ಗಂಡು ಅದನ್ನು ಕಂಡರೆ ದಾರಿ ಬಿಡುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಹಾರನಮ್ಮನ ಗರಿಗಳು ಮತ್ತೆ ಉದುರಿದಾಗ ಬೀದಿಯಲ್ಲಿ ಅದೇ ಸುದ್ದಿ. ಈ ಸಲ ಯಾವ ಬಣ್ಣ ಬರಬಹುದು? ಕಂದೇ ಬರುತ್ತದೆ, ಬೇಕಾದರೆ ಬನ್ನಿನ ಪಣ ಎಂದ ಬೇಕರಿಯವನು. ಹಸಿರೇ ಎಂದ ಡ್ರೈವರಣ್ಣ. ಹಸಿರು ಹೌದು, ಆದರೆ ಕಾಲರು ಸ್ವಲ್ಪ ಅಗಲ ಇರುತ್ತೆ ಎಂದ ಟೈಲರು. ಅಂಚೆಯವನು ಕಾಗದವಿಲ್ಲದಿದ್ದರೂ ಬಂದು ಬೇಲಿಯ ಮೇಲಿಂದ ಇಣುಕಿ ಹೋಗುತ್ತಿದ್ದ. ಮಗಳು ಅವಳಿಗಳನ್ನು ಎರಡು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದಳು. ಅವು ಅಜ್ಜಿಯ ಕೂಗಿಗೂ ಬಾತಿನ ಕೂಗಿಗೂ ಒಂದೇ ಥರ ಕೇಕೆ ಹಾಕುತ್ತಿದ್ದವು. ರೈಟಕ್ಕ ಯಾವ ಪಣವನ್ನೂ ಕಟ್ಟದೆ ಬಟಾಣಿ ನೆನೆಸುತ್ತಿದ್ದಳು.

ಮಂಜು ಬಿದ್ದ ಒಂದು ಬೆಳಿಗ್ಗೆ ಹಾರನಮ್ಮ ಗೂಡಿನಿಂದ ಹೊರಬಂದಳು. ಕೆನ್ನೆಯ ಮೇಲೆ ಹೆಬ್ಬೆರಳಿನಷ್ಟು ಜಾಗ ಬಿಸಿಲಿಗೆ ಹಸಿರಾಗಿ ಹೊಳೆಯಿತು. ರೈಟಕ್ಕ ಬೇಲಿಯ ಬಳಿ ನಿಂತು ಬೀದಿಯನ್ನೆಲ್ಲ ಎಬ್ಬಿಸಿದಳು. ಬೇಕರಿಯವನು ಸೋತ ಬನ್ನುಗಳನ್ನು ತಟ್ಟೆಯ ತುಂಬ ಬಿಸಿಬಿಸಿಯಾಗಿ ತಂದು ಜಗಲಿಯ ಮೇಲಿಟ್ಟ. ಯಾರೂ ಕೈಚಾಚುವ ಮುಂಚೆ ಹಾರನಮ್ಮ ಮೊದಲನೆಯದಕ್ಕೆ ಕೊಕ್ಕು ಹಾಕಿದಳು.